ಸ್ಟೇಟಸ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ

ಬೆಂಗಳೂರಿನಿಂದ ರಾತ್ರಿ ಗಾಡಿ ಹತ್ತಿ ಕಲಬುರಗಿ ಕಡೆ ಹೋಗುವವರಿಗೆ ವಾಡಿ ಅಂದರೆ ಸಿಮೆಂಟು ಧೂಳು, ಒಂದು ಕಪ್ ಚಹಾ, ಮತ್ತೆ "ಯಾಕ್ ನಿಂತದ ಗಾಡಿ?" ಅನ್ನೋ ಪ್ರಶ್ನೆ. ಆ ಪ್ರಶ್ನೆಗೆ ಪ್ಲಾಟ್‌ಫಾರಂ ಮೇಲೆ ನಿಂತವರು ಯಾರೂ ಉತ್ತರ ಹೇಳಲಾರರು. ಉತ್ತರ ಇರೋದು ಸ್ಟೇಷನ್ ಮಾಸ್ತರರ ಕೋಣೆಯಲ್ಲಿ. ಅಲ್ಲಿ ಒಂದು ಮೇಜು, ಆ ಮೇಜಿನ ಮೇಲೆ ಗಂಟೆ, ಫೋನು, ಒಂದು ದಪ್ಪ ರಿಜಿಸ್ಟರ್. ಗೇಮ್ ಸರ್ವರ್ ನಡೆಸಿದವರಿಗೆ ಆ ಮೇಜು ಏನು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದು ಕನ್ಸೋಲ್.

ಈ ಲೇಖನ ಮಲ್ಟಿಪ್ಲೇಯರ್ ಗೇಮ್ ಸರ್ವರ್‌ಗಳ ಕನ್ಸೋಲ್ ಬಗ್ಗೆ. ಕಪ್ಪು ಪರದೆ, ಮಿಣುಕುವ ಕರ್ಸರ್, ‘ಸ್ಟೇಟಸ್’, ‘ಕಿಕ್’, ‘ಚೇಂಜ್‌ಲೆವೆಲ್’ ಅನ್ನುವ ಆಜ್ಞೆಗಳು. ಕೌಂಟರ್ ಸ್ಟ್ರೈಕ್ ಆಡಿ ಕೆಲಸಕ್ಕೆ ಸೇರಿದ ನಮ್ಮ ವಯಸ್ಸಿನವರಿಗೆ ಇದು ಗೊತ್ತಿರೋ ವಿಷಯವೇ. ಆದರೆ ಇದರ ಇತಿಹಾಸ ಹೇಳೋರು ಸಾಮಾನ್ಯವಾಗಿ 1996ರಿಂದ ಶುರು ಮಾಡ್ತಾರೆ. ನಾನು ವಾಡಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ಗೇಮ್ ಸರ್ವರ್ ಬಿಡಿಸಿದ ಸಮಸ್ಯೆ ನಮ್ಮ ಕಡೆ ಅದಕ್ಕಿಂತ ನೂರು ವರ್ಷ ಮೊದಲೇ ಬಂದಿತ್ತು.

ಮುಂಬೈ ಕಡೆಯಿಂದ ಜಿಐಪಿ ರೈಲ್ವೆ ಹಳಿ ಹಾಕ್ಕೊಂಡು ಬಂದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಶಹಾಬಾದ್, ವಾಡಿ ಎರಡೂ ಆ ದಾರಿಯಲ್ಲೇ ಇವೆ. 1874ರಲ್ಲಿ ನಿಜಾಮರ ದುಡ್ಡಿನಲ್ಲಿ ಇನ್ನೊಂದು ಹಳಿ ಬಂತು, ವಾಡಿಯಿಂದ ಸಿಕಂದರಾಬಾದಿಗೆ. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ದಾಟಿ ಹೋಗುವ ದಾರಿ ಅದು. (ಚಿಂಚೋಳಿಗೆ ಆಗಲೂ ರೈಲು ಬರಲಿಲ್ಲ, ಈಗಲೂ ಇಲ್ಲ. ಚಿಂಚೋಳಿಯವರ ಸಿಟ್ಟು ಇನ್ನೊಂದು ಲೇಖನದ ವಿಷಯ.) ಹೀಗೆ ವಾಡಿಯಲ್ಲಿ ಎರಡು ಬೇರೆ ಬೇರೆ ಮಾಲೀಕರ ಹಳಿಗಳು ಸೇರಿದವು. 1951ರಲ್ಲಿ ಎರಡೂ ಸೆಂಟ್ರಲ್ ರೈಲ್ವೆಯೊಳಗೆ ಬರೋವರೆಗೂ ಅದು ಎರಡು ಅಡ್ಮಿನ್‌ಗಳ ಊರು.

ಈಗ ಸಮಸ್ಯೆ ನೋಡಿ. ಸೇಡಂ ಸ್ಟೇಷನ್ನಿನಲ್ಲಿ ಒಬ್ಬ ಮಾಸ್ತರ, ಮುಂದಿನ ಸ್ಟೇಷನ್ನಿನಲ್ಲಿ ಇನ್ನೊಬ್ಬ. ನಡುವೆ ಒಂಟಿ ಹಳಿ. ಇವರಿಗೆ ಅವರು ಕಾಣಲ್ಲ. ಆದರೆ ಆ ಹಳಿಯ ಸ್ಥಿತಿ, ಅಂದರೆ ಖಾಲಿ ಇದೆಯೋ ಗಾಡಿ ಇದೆಯೋ ಅನ್ನೋದು, ಇಬ್ಬರ ತಲೆಯಲ್ಲೂ ಒಂದೇ ಆಗಿರಬೇಕು. ಒಬ್ಬರ ತಲೆಯಲ್ಲಿ ‘ಖಾಲಿ’ ಇನ್ನೊಬ್ಬರ ತಲೆಯಲ್ಲಿ ‘ಗಾಡಿ ಹೊರಟಿದೆ’ ಅಂತ ಇದ್ದರೆ ಜನ ಸಾಯ್ತಾರೆ. ನಮ್ಮ ಭಾಷೆಯಲ್ಲಿ ಇದನ್ನು ಸ್ಟೇಟ್ ಸಿಂಕ್ರೊನೈಸೇಶನ್ ಅಂತೀವಿ. ಗೇಮ್‌ನಲ್ಲಿ ಇದು ತಪ್ಪಿದರೆ ನೀವು ಗೋಡೆ ಹಿಂದೆ ಹೋದ ಮೇಲೂ ಗುಂಡು ಬಿದ್ದು ಸಾಯ್ತೀರಿ, ಮುಂದಿನ ರೌಂಡಿಗೆ ಎದ್ದು ಬರ್ತೀರಿ. ರೈಲಿನಲ್ಲಿ ಮುಂದಿನ ರೌಂಡ್ ಇಲ್ಲ.

ಮೊದಮೊದಲು ತಂತಿಯ ಮೇಲೆ ಮೋರ್ಸ್‌ನಲ್ಲಿ ‘ಲೈನ್ ಕ್ಲಿಯರ್’ ಕೇಳಿ, ಉತ್ತರ ಬಂದ ಮೇಲೆ ಚೀಟಿ ಬರೆದು ಡ್ರೈವರ್ ಕೈಗೆ ಕೊಡ್ತಿದ್ದರು. ಆಮೇಲೆ ಬ್ಲಾಕ್ ಯಂತ್ರಗಳು ಬಂದವು, ಅದರ ಜೊತೆ ಗಂಟೆ. ಗಂಟೆಯ ಭಾಷೆ ಬಹಳ ಚಿಕ್ಕದು. ಒಂದು ಬಡಿತ ಅಂದರೆ ‘ಗಮನಿಸಿ’. ಎರಡು ಅಂದರೆ ‘ಲೈನ್ ಕ್ಲಿಯರ್ ಇದೆಯಾ?’ ಮೂರು ಅಂದರೆ ‘ಗಾಡಿ ಹಳಿಗೆ ಬಂತು’. ಆರು ಬಡಿತ ಕೇಳಿಸಿದರೆ ಎದೆ ಝಲ್ ಅನ್ನಬೇಕು, ಅದು ಅಪಾಯ. ಮುಖ್ಯವಾದ ಮಾತೇನಂದರೆ, ಆ ಕಡೆಯವರು ಅಷ್ಟೇ ಬಡಿತಗಳನ್ನು ತಿರುಗಿ ಬಡಿಯುವವರೆಗೆ ಸಂದೇಶ ತಲುಪಿದ ಲೆಕ್ಕ ಇಲ್ಲ. ಮೈಕ್ ಮೂಸ್ ಅನ್ನೋ ಅಮೆರಿಕದ ಇಂಜಿನಿಯರ್ 1983ರಲ್ಲಿ ‘ಪಿಂಗ್’ ಬರೆದಾಗ ಮಾಡಿದ್ದೂ ಇದನ್ನೇ: ಒಂದು ಬಡಿತ ಕಳಿಸು, ಅದೇ ವಾಪಸ್ ಬರೋವರೆಗೆ ಕಾಯಿ, ಎಷ್ಟು ಹೊತ್ತಾಯ್ತು ನೋಡು. ಅವರು ಹೆಸರು ತಗೊಂಡಿದ್ದು ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ. ನಮ್ಮ ಸ್ಟೇಷನ್ ಗಂಟೆ ಕೇಳಿದ್ದರೆ ‘ಟಿಣ್’ ಅಂತ ಇಡ್ತಿದ್ದರೇನೋ.

ಇನ್ನೂ ಎರಡು ವಸ್ತುಗಳಿವೆ. ಒಂದು, ಟ್ರೇನ್ ಸಿಗ್ನಲ್ ರಿಜಿಸ್ಟರ್. ಯಾವ ಗಂಟೆ ಎಷ್ಟು ಗಂಟೆಗೆ ಎಷ್ಟು ನಿಮಿಷಕ್ಕೆ ಬಂತು ಅಂತ ಅಲ್ಲೇ ಆಗಲೇ ಬರೀಬೇಕು. ಇದು ಲಾಗ್ ಫೈಲ್. ಎರಡು, ಪ್ರೈವೇಟ್ ನಂಬರ್. ಫೋನಿನಲ್ಲಿ ‘ಲೈನ್ ಕ್ಲಿಯರ್ ಕೊಟ್ಟೆ’ ಅಂತ ಬಾಯಿಮಾತಿಗೆ ಹೇಳಿದರೆ ಸಾಲದು, ತಮ್ಮ ಬಳಿ ಇರುವ ಹಾಳೆಯಿಂದ ಒಂದು ಅಂಕಿ ಹೇಳಬೇಕು. ಅಂಕಿಗಳು ಅಡ್ಡಾದಿಡ್ಡಿ ಕ್ರಮದಲ್ಲಿ ಇರ್ತವೆ. ಬಳಸಿದ್ದನ್ನು ಹೊಡೆದು ಹಾಕಬೇಕು, ಆ ಕಡೆಯವರು ಅದನ್ನು ಬರೆದುಕೊಳ್ಳಬೇಕು. ಯಾರು ಯಾವಾಗ ಒಪ್ಪಿಗೆ ಕೊಟ್ಟರು ಅನ್ನೋದಕ್ಕೆ ಆಮೇಲೆ ಜಗಳ ಇರಬಾರದು ಅಂತ. ಈ ಅಂಕಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತಂತಿಯಿಂದ ಕಂಪ್ಯೂಟರಿಗೆ ಬರೋ ದಾರಿ ನೇರ ಇದೆ. ಮೋರ್ಸ್ ಕಲಿತ ಮನುಷ್ಯ ಬೇಡ, ಟೈಪ್ ಮಾಡಿದ್ದು ಆ ಕಡೆ ತಾನೇ ಅಚ್ಚಾಗಲಿ ಅಂತ ಟೆಲಿಪ್ರಿಂಟರ್ ಬಂತು. ನಮ್ಮ ದೇಶದಲ್ಲೂ 1960ರಲ್ಲಿ ಮದ್ರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಶುರುವಾಯ್ತು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಬರೆಯುವಾಗ ಕಂಪ್ಯೂಟರ್ ಜೊತೆ ಮಾತಾಡಿದ್ದು ಇಂಥದ್ದೇ ಒಂದು ಟೆಲಿಟೈಪ್ ಯಂತ್ರದ ಮೂಲಕ. ಅದಕ್ಕೇ ಇವತ್ತು ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಟರ್ಮಿನಲ್‌ಗೆ ‘ಟಿಟಿವೈ’ ಅಂತ ಹೆಸರು. ಆ ಯಂತ್ರದೊಳಗೆ ನಿಜವಾದ ಗಂಟೆ ಇತ್ತು. ಆಸ್ಕಿ ಪಟ್ಟಿಯಲ್ಲಿ ಏಳನೇ ಅಕ್ಷರ ‘ಬೆಲ್’. ಕಂಟ್ರೋಲ್ ಜೊತೆ ಜಿ ಒತ್ತಿದರೆ ಆ ಕಡೆ ಗಂಟೆ ಬಾರಿಸ್ತಿತ್ತು. ಈಗಲೂ ಟರ್ಮಿನಲ್ ‘ಟಣ್’ ಅಂತ ಸದ್ದು ಮಾಡಿದರೆ ಅದೇ ಏಳನೇ ಅಕ್ಷರ.

ಈ ಟೆಲಿಟೈಪ್‌ಗಳ ಮೇಲೇ ಮೊದಮೊದಲ ಮಲ್ಟಿಪ್ಲೇಯರ್ ಲೋಕಗಳಲ್ಲಿ ಒಂದು ಹುಟ್ಟಿತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನೋ ವಿದ್ಯಾರ್ಥಿ ‘ಮಡ್’ ಅನ್ನೋ ಆಟ ಬರೆದ. ಆಮೇಲೆ ಅದನ್ನು ಬೆಳೆಸಿದ್ದು ರಿಚರ್ಡ್ ಬಾರ್ಟಲ್. ಚಿತ್ರ ಇಲ್ಲ, ಬರೀ ಅಕ್ಷರ. ‘ಉತ್ತರಕ್ಕೆ ಹೋಗು’, ‘ಕತ್ತಿ ತಗೋ’ ಅಂತ ಟೈಪ್ ಮಾಡಬೇಕು. ಸಾಕಷ್ಟು ಅಂಕ ಗಳಿಸಿದವರು ‘ವಿಜರ್ಡ್’ ಆಗ್ತಿದ್ದರು. ಅವರಿಗೆ ಬೇರೆಯವರಿಗಿಲ್ಲದ ಆಜ್ಞೆಗಳು ಸಿಗ್ತಿದ್ದವು. ಬೇರೆ ಆಟಗಾರನ ಪರದೆಯನ್ನು ಕದ್ದು ನೋಡಬಹುದು. ‘ಫಿಂಗರ್ ಆಫ್ ಡೆತ್’ ಅನ್ನೋ ಆಜ್ಞೆಯಿಂದ ಬೆರಳು ತೋರಿಸಿ ಕೊಲ್ಲಬಹುದು.

ಇಲ್ಲಿ ಗಮನಿಸಬೇಕಾದ್ದು: ಆಟಗಾರನ ಆಜ್ಞೆ, ಆಡಳಿತದ ಆಜ್ಞೆ ಎರಡೂ ಒಂದೇ ಸಾಲಿನಲ್ಲಿ ಟೈಪ್ ಆಗ್ತವೆ. ವ್ಯತ್ಯಾಸ ಇರೋದು ಟೈಪ್ ಮಾಡುವವನ ಅಧಿಕಾರದಲ್ಲಿ ಮಾತ್ರ. ಜೊತೆಗೆ ಆಟ ಚೆನ್ನಾಗಿ ಆಡಿದವನಿಗೇ ಆಡಳಿತ ಕೊಡೋದು ಅನ್ನೋ ವಿಚಿತ್ರ ಪದ್ಧತಿ. ಕಬಡ್ಡಿ ಚೆನ್ನಾಗಿ ಆಡ್ತಾನೆ ಅಂತ ಅವನನ್ನೇ ಅಂಪೈರ್ ಮಾಡಿದ ಹಾಗೆ. ನಮ್ಮ ಕಂಪನಿಗಳಲ್ಲಿ ಕೋಡ್ ಚೆನ್ನಾಗಿ ಬರೆದವನನ್ನ ಮ್ಯಾನೇಜರ್ ಮಾಡ್ತಾರಲ್ಲ, ಹಾಗೆ ಅಂತಲೂ ಅನ್ನಬಹುದು.

1996ರ ಜೂನ್‌ನಲ್ಲಿ ‘ಕ್ವೇಕ್’ ಬಂತು. ಐಡಿ ಸಾಫ್ಟ್‌ವೇರ್‌ನ ಜಾನ್ ಕಾರ್ಮ್ಯಾಕ್ ಅದರ ಇಂಜಿನ್ ಬರೆದವರು. ಅದರಲ್ಲಿ ಎಸ್ಕೇಪ್ ಕೀಲಿಯ ಕೆಳಗಿರುವ ಟಿಲ್ಡೆ ಒತ್ತಿದರೆ ಪರದೆಯ ಮೇಲಿನಿಂದ ಒಂದು ಪಟ್ಟಿ ಜಾರಿ ಬರ್ತಿತ್ತು. ಗೇಮ್ ನಡೆಯುತ್ತಿರುವಾಗಲೇ ಅದರ ಹೊಟ್ಟೆಯೊಳಗೆ ಕೈಹಾಕುವ ಬಾಗಿಲು ಅದು. ಗುರುತ್ವಾಕರ್ಷಣೆ ಬದಲಿಸಬಹುದು, ಗೋಡೆ ದಾಟಬಹುದು, ಮ್ಯಾಪ್ ಬದಲಿಸಬಹುದು. ಚೀಟ್ ಮಾಡೋದಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ, ಆದರೆ ಆ ಬಾಗಿಲಿನ ಅಸಲಿ ಉಪಯೋಗ ಕೋಡ್ ಪರೀಕ್ಷಿಸೋದು. ಪ್ರತಿ ಸಲ ಅಂಕಿ ಬದಲಿಸಿ, ಕಂಪೈಲ್ ಮಾಡಿ, ಮತ್ತೆ ಆಟ ಶುರು ಮಾಡೋ ಬದಲು ನಡೆಯುತ್ತಿರುವ ಪ್ರೋಗ್ರಾಮಿಗೇ ಹೇಳೋದು. ಅದೇ ವರ್ಷ ಡಿಸೆಂಬರಿನಲ್ಲಿ ಇಂಟರ್ನೆಟ್ಟಿಗಾಗಿ ತಿದ್ದಿದ ‘ಕ್ವೇಕ್‌ವರ್ಲ್ಡ್’ ಬಂತು. ಸರ್ವರ್ ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ, ಅಡ್ಮಿನ್ ಮನೆಯಲ್ಲಿ. ಹಾಗಾಗಿ ದೂರದಿಂದಲೇ ಕನ್ಸೋಲಿಗೆ ಆಜ್ಞೆ ಕಳಿಸೋ ವ್ಯವಸ್ಥೆ ಬೇಕಾಯ್ತು. ಅದೇ ‘ಆರ್‌ಕಾನ್’, ರಿಮೋಟ್ ಕನ್ಸೋಲ್.

ಆರ್‌ಕಾನ್ ಕೆಲಸ ಮಾಡ್ತಿದ್ದ ರೀತಿ ಈಗ ನೋಡಿದರೆ ನಗು ಬರುತ್ತೆ. ಒಂದು ಯುಡಿಪಿ ಪ್ಯಾಕೆಟ್, ಅದರೊಳಗೆ ‘ಆರ್‌ಕಾನ್’ ಅನ್ನೋ ಪದ, ಪಾಸ್‌ವರ್ಡ್, ಆಜ್ಞೆ. ಯಾವ ಗೂಢಲಿಪಿಯೂ ಇಲ್ಲ. ದಾರಿಯಲ್ಲಿ ಯಾರು ಕಿವಿ ಕೊಟ್ಟರೂ ಪಾಸ್‌ವರ್ಡ್ ಸಿಗ್ತಿತ್ತು. ಅದಕ್ಕಿಂತ ದೊಡ್ಡ ವಿಷಯ 1998ರಲ್ಲಿ ಹೊರಗೆ ಬಂತು. ಕ್ವೇಕ್ ಸರ್ವರ್ ಕೋಡಿನೊಳಗೇ ಒಂದು ಹಿಂಬಾಗಿಲಿತ್ತು. ಐಡಿ ಸಾಫ್ಟ್‌ವೇರ್ ಕಂಪನಿಯ ನೆಟ್‌ವರ್ಕ್ ವಿಳಾಸದಿಂದ ‘ಟಿಎಂಎಸ್’ ಅನ್ನೋ ಮೂರಕ್ಷರದ ಪಾಸ್‌ವರ್ಡ್ ಜೊತೆ ಆಜ್ಞೆ ಬಂದರೆ, ಸರ್ವರ್ ಮಾಲೀಕ ಇಟ್ಟ ಪಾಸ್‌ವರ್ಡ್ ಏನೇ ಇರಲಿ, ಸರ್ವರ್ ಒಪ್ಪಿಕೊಳ್ತಿತ್ತು. ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನು ಸುಳ್ಳು ಬರೆಯೋದು ಸುಲಭ. ಪೋಸ್ಟ್ ಕಾರ್ಡಿನಲ್ಲಿ ‘ಇಂದ’ ಅಂತ ಇರೋ ಕಡೆ ಯಾರ ಹೆಸರು ಬೇಕಾದರೂ ಬರೆದ ಹಾಗೆ. ಅಂದರೆ ಆ ಮೂರಕ್ಷರ ಗೊತ್ತಿದ್ದವರು ಯಾರು ಬೇಕಾದರೂ ಲೋಕದ ಯಾವ ಕ್ವೇಕ್ ಸರ್ವರನ್ನೂ ಆಳಬಹುದಿತ್ತು. ತಾವೇ ಸರ್ವರಿನ ಒಡೆಯರು ಅಂದುಕೊಂಡು ರಾತ್ರಿಯೆಲ್ಲ ಎದ್ದು ಅದನ್ನು ಸಾಕಿದ ಹುಡುಗರಿಗೆ ಹೇಗೆ ಅನ್ನಿಸಿರಬೇಕು? ನನಗೆ ಈ ಇಡೀ ಇತಿಹಾಸದಲ್ಲಿ ಕಾಡುವ ಘಟನೆ ಇದೇ.

ಈಗ ಪ್ರೈವೇಟ್ ನಂಬರ್ ನೆನಪು ಮಾಡಿಕೊಳ್ಳಿ. ಆಜ್ಞೆಯ ಜೊತೆ ಒಂದು ಅಂಕಿಯನ್ನೂ ಹೇಳಬೇಕು ಅನ್ನೋ ವಿಚಾರ ಆರ್‌ಕಾನ್‌ಗೆ ಬಂದಿದ್ದು ‘ಹಾಫ್ ಲೈಫ್’ ಕಾಲಕ್ಕೆ. 1998ರ ನವೆಂಬರಿನಲ್ಲಿ ವಾಲ್ವ್ ಕಂಪನಿ ಬಿಟ್ಟ ಈ ಆಟದ ಇಂಜಿನ್ ಕ್ವೇಕ್ ಇಂಜಿನ್ನಿನ ಮೇಲೆ ಕಟ್ಟಿದ್ದೇ. ಅದರ ಆರ್‌ಕಾನ್‌ನಲ್ಲಿ ಆಜ್ಞೆ ಕಳಿಸೋಕೆ ಮೊದಲು ಸರ್ವರಿಂದ ಒಂದು ‘ಚಾಲೆಂಜ್’ ಸಂಖ್ಯೆ ಕೇಳಿ ಪಡೀಬೇಕು, ಆ ಸಂಖ್ಯೆ ಸೇರಿಸಿ ಆಜ್ಞೆ ಕಳಿಸಬೇಕು. ಸುಳ್ಳು ವಿಳಾಸದಿಂದ ಕಳಿಸಿದವನಿಗೆ ಆ ಸಂಖ್ಯೆ ತಲುಪೋದೇ ಇಲ್ಲ. ಪಾಸ್‌ವರ್ಡ್ ಮಾತ್ರ ಬಟಾಬಯಲಿನಲ್ಲೇ ಹೋಗ್ತಿತ್ತು ಅನ್ನೋದು ಬೇರೆ ಮಾತು.

ಹಾಫ್ ಲೈಫ್‌ನ ಮೇಲೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ 1999ರಲ್ಲಿ ‘ಕೌಂಟರ್ ಸ್ಟ್ರೈಕ್’ ಮಾಡಿದರು. ಅದರ 1.6 ಆವೃತ್ತಿ 2003ರಲ್ಲಿ ಬಂತು. ನಮ್ಮ ದೇಶದ ಇಂಜಿನಿಯರಿಂಗ್ ಹಾಸ್ಟೆಲುಗಳಿಗೆ ಕನ್ಸೋಲ್ ಬಂದಿದ್ದು ಆ ದಾರಿಯಲ್ಲಿ.

ನಾನು ಬಿಇ ಓದಿದ ಹಾಸ್ಟೆಲಿನಲ್ಲಿ ಮೂರು ಮಹಡಿ, ಮಹಡಿಗೊಂದು ಸ್ವಿಚ್, ಕಿಟಕಿಯಿಂದ ಕಿಟಕಿಗೆ ನೇತಾಡುವ ನೀಲಿ ಕೇಬಲ್. ಇಂಟರ್ನೆಟ್ ಅನ್ನೋದು ವಾರ್ಡನ್ ಕೋಣೆಯಲ್ಲಿ ಮಾತ್ರ. ಆದರೆ ಲ್ಯಾನ್ ನಮ್ಮದು, ಸರ್ವರ್ ನಮ್ಮದು. ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಕನ್ನಡ ಮೀಡಿಯಂ, ಹಳ್ಳಿಯವರು. ಲ್ಯಾಬ್‌ನಲ್ಲಿ ಸಿ ಪ್ರೋಗ್ರಾಮ್ ಬರೆಯುವಾಗ ಬೆವರುತ್ತಿದ್ದವರು ರಾತ್ರಿ ಹನ್ನೊಂದಕ್ಕೆ ‘ಎಂಪಿ_ಟೈಮ್‌ಲಿಮಿಟ್ 30’, ‘ಚೇಂಜ್‌ಲೆವೆಲ್ ಡಿಇ_ಡಸ್ಟ್2’ ಅಂತ ಒಂದು ಅಕ್ಷರ ತಪ್ಪದೆ ಹೊಡೀತಿದ್ದರು. ಇಂಗ್ಲಿಷ್ ಬರಲ್ಲ ಅನ್ನೋ ಅಂಜಿಕೆ ಅಲ್ಲಿ ಇರಲಿಲ್ಲ, ಯಾಕಂದ್ರೆ ಅದು ಇಂಗ್ಲಿಷೇ ಅಲ್ಲ. ವ್ಯಾಕರಣ ಇಲ್ಲ, ಉಚ್ಚಾರ ಇಲ್ಲ, ನಗುವವರಿಲ್ಲ. ತಪ್ಪು ಹೊಡೆದರೆ ‘ಅನ್‌ನೋನ್ ಕಮಾಂಡ್’ ಅಂತ ಹೇಳಿ ಸುಮ್ಮನಾಗುತ್ತೆ.

ಡೀಬಗ್ ಮಾಡೋದನ್ನು ನಾನು ಕಲಿತಿದ್ದು ಅಲ್ಲೇ. ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇವತ್ತು ಆಫೀಸಿನಲ್ಲಿ ಪ್ರೊಡಕ್ಷನ್ ಕೆಟ್ಟಾಗಲೂ ನಾನು ಇದೇ ಕ್ರಮದಲ್ಲಿ ಹೋಗ್ತೀನಿ.

ಒಂದು ರಾತ್ರಿ ಟೂರ್ನಮೆಂಟ್ ನಡುವೆ "ಲ್ಯಾಗ್ ಆಗ್ಲತ್ತದ, ಲ್ಯಾಗ್ ಆಗ್ಲತ್ತದ" ಅಂತ ಕೂಗಾಟ. ಲ್ಯಾಗ್ ಅನ್ನೋದು ರೋಗದ ಹೆಸರಲ್ಲ, ‘ಮೈ ಸರಿ ಇಲ್ಲ’ ಅಂದ ಹಾಗೆ. ಮೊದಲು ಸರ್ವರ್ ಕನ್ಸೋಲಿನಲ್ಲಿ ‘ಸ್ಟೇಟಸ್’ ಹೊಡೆದೆವು. ಪ್ರತಿ ಆಟಗಾರನ ಹೆಸರು, ಅವನು ಬಂದು ಎಷ್ಟು ಹೊತ್ತಾಯ್ತು, ಪಿಂಗ್, ಲಾಸ್, ಕೊನೆಗೆ ವಿಳಾಸ. ಲಾಸ್ ಅಂದರೆ ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳ ಪ್ರಮಾಣ. ಆ ಅಂಕಣ ನೋಡಿದರೆ ಆರು ಜನರಿಗೆ ಲಾಸ್ ಇದೆ, ಉಳಿದವರಿಗೆ ಸೊನ್ನೆ. ಆರೂ ಜನರ ವಿಳಾಸ ಎರಡನೇ ಮಹಡಿಯದು. ಅಲ್ಲಿಗೆ ಗೇಮಿನ ತಪ್ಪಲ್ಲ, ಸರ್ವರಿನ ತಪ್ಪಲ್ಲ. ಟಾರ್ಚ್ ಹಿಡಿದು ಹೋಗಿ ನೋಡಿದರೆ ಎರಡನೇ ಮಹಡಿಯ ಸ್ವಿಚ್ಚಿಗೆ ಹೋಗುವ ಕೇಬಲಿನ ತುದಿ ಸಡಿಲ. ಕ್ರಿಂಪ್ ಮಾಡಿ ಹಾಕಿದ ಮೇಲೆ ಲಾಸ್ ಸೊನ್ನೆ.

ಮುಂದಿನ ವಾರ ಮತ್ತೆ ಅದೇ ಕೂಗು. ಈ ಸಲ ಲಾಸ್ ಯಾರಿಗೂ ಇಲ್ಲ, ಪಿಂಗ್ ಮಾತ್ರ ಎಲ್ಲರಿಗೂ ಒಟ್ಟಿಗೇ ಏರುತ್ತೆ, ಒಟ್ಟಿಗೇ ಇಳಿಯುತ್ತೆ. ಎಲ್ಲರಿಗೂ ಒಟ್ಟಿಗೆ ಅಂದರೆ ಎಲ್ಲರಿಗೂ ಸಾಮಾನ್ಯವಾದ ವಸ್ತು, ಅಂದರೆ ಸರ್ವರ್ ಯಂತ್ರ. ‘ಸ್ಟ್ಯಾಟ್ಸ್’ ಅಂತ ಇನ್ನೊಂದು ಆಜ್ಞೆ ಇದೆ. ಸಿಪಿಯು ಎಷ್ಟು ತಿನ್ನುತ್ತಿದೆ, ಸರ್ವರ್ ಸೆಕೆಂಡಿಗೆ ಎಷ್ಟು ಸಲ ಲೆಕ್ಕ ಹಾಕುತ್ತಿದೆ ಅಂತ ತೋರಿಸುತ್ತೆ. ಆ ಎರಡನೇ ಅಂಕಿ ಕುಸೀತಾ ಇತ್ತು. ಸರ್ವರ್ ಇದ್ದ ಕಂಪ್ಯೂಟರಿನ ಮಾಲೀಕ ಅದೇ ಯಂತ್ರದಲ್ಲಿ ಹಿನ್ನೆಲೆಯಲ್ಲಿ ಸಿನಿಮಾ ಕಂಪ್ರೆಸ್ ಮಾಡ್ತಿದ್ದ. ಅವನಿಗೆ ಬೈದದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಮೂರನೇ ಬಗೆಯದು ಸೂಕ್ಷ್ಮ. ಪಿಂಗ್ ಚೆನ್ನಾಗಿದೆ, ಲಾಸ್ ಇಲ್ಲ, ಆದರೂ ಎದುರಾಳಿ ಜಿಗಿಜಿಗಿದು ಓಡಿದ ಹಾಗೆ ಕಾಣ್ತಾನೆ. ಆಗ ಆಟಗಾರನ ಕಡೆ ‘ನೆಟ್_ಗ್ರಾಫ್ 3’ ಹಾಕಬೇಕು. ಕೆಳಗಿನ ಮೂಲೆಯಲ್ಲಿ ‘ಚೋಕ್’ ಅನ್ನೋ ಅಂಕಿ ಬರುತ್ತೆ. ಚೋಕ್ ಅಂದರೆ ಸರ್ವರ್ ಬಳಿ ಕಳಿಸೋ ವಿಷಯ ಇದೆ, ಆದರೆ ಕಳಿಸೋ ಮಿತಿ ಅಡ್ಡ ಬಂದು ತಡೆದುಕೊಂಡಿದೆ ಅಂತ. ನೆಟ್‌ವರ್ಕ್ ಕೆಟ್ಟಿಲ್ಲ, ನಾವೇ ಕಟ್ಟಿ ಹಾಕಿದ್ದೀವಿ. ಮೋಡೆಮ್ ಕಾಲದ ಲೆಕ್ಕದಲ್ಲಿ ‘ಸಿಎಲ್_ಅಪ್‌ಡೇಟ್‌ರೇಟ್’ ಮೂಲದಲ್ಲಿ 20 ಇತ್ತು, ಅಂದರೆ ಸೆಕೆಂಡಿಗೆ 20 ಸಲ ಮಾತ್ರ ಹೊಸ ಸ್ಥಿತಿ ಬರ್ತದೆ. ಲ್ಯಾನ್‌ನಲ್ಲಿ ಅದಕ್ಕೆ ಅರ್ಥವಿಲ್ಲ. ಅದನ್ನೂ ‘ರೇಟ್’ ಅನ್ನೂ, ಸರ್ವರ್ ಕಡೆಯ ‘ಎಸ್‌ವಿ_ಮ್ಯಾಕ್ಸ್‌ರೇಟ್’ ಅನ್ನೂ ಏರಿಸಿದ ಮೇಲೆ ಎದುರಾಳಿ ನೆಟ್ಟಗೆ ನಡೆಯತೊಡಗಿದ.

ಆಡಳಿತದ ಜಗಳಗಳೂ ಇದ್ದವು. ಆರ್‌ಕಾನ್ ಪಾಸ್‌ವರ್ಡ್ ಮೂವರಿಗೆ ಗೊತ್ತಿತ್ತು. ಒಂದು ಸೆಮಿಫೈನಲ್‌ನಲ್ಲಿ ಒಳ್ಳೆ ಸ್ನೈಪರ್ ಒಬ್ಬ ನಡುವೆ ‘ಕಿಕ್’ ಆಗಿ ಹೊರಗೆ ಬಿದ್ದ. "ನಾ ಮಾಡಿಲ್ಲ" ಅಂತ ಮೂವರೂ ಆಣೆ. ‘ಲಾಗ್ ಆನ್’ ಇದ್ದದ್ದು ಒಳ್ಳೇದಾಯ್ತು. ಆರ್‌ಕಾನ್ ಆಜ್ಞೆ ಯಾವ ವಿಳಾಸದಿಂದ ಯಾವ ಸಮಯಕ್ಕೆ ಬಂತು ಅಂತ ಫೈಲಿನಲ್ಲಿ ಸಾಲು ಸಾಲಾಗಿ ಇತ್ತು. ಮಾಡಿದವನು ನಮ್ಮಲ್ಲಿ ಎಲ್ಲರಿಗಿಂತ ಹಿರಿಯ. ಅವನನ್ನು ಏನೂ ಅನ್ನೋಕಾಗಲಿಲ್ಲ, ಪಾಸ್‌ವರ್ಡ್ ಮಾತ್ರ ಅವತ್ತೇ ಬದಲಾಯ್ತು. ರೈಲ್ವೆಯಲ್ಲಿ ಆ ರಿಜಿಸ್ಟರಿಗೆ ಯಾಕೆ ಅಷ್ಟು ಮರ್ಯಾದೆ ಅಂತ ನನಗೆ ಅರ್ಥವಾಗಿದ್ದು ಆ ಫೈಲಿನಿಂದ.

ದಾಖಲೆ ವಿಷಯ ಬಂತು ಅಂತ ಒಂದು ಪಕ್ಕದ ಮಾತು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ 1986ರಲ್ಲಿ ಕುಸಿದಾಗ ಮೂರ್ತಿಯ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಾಟಲೀಪುತ್ರದಲ್ಲಿ ಕೂತವನು ಭೀಮಾ ನದಿ ದಂಡೆಯವರಿಗೆ ಕಳಿಸಿದ ಆಜ್ಞೆ, ಯಾರೂ ಓದದೆ ಮೂರ್ತಿಯ ಕೆಳಗೆ ಇತ್ತು. ಲಾಗ್ ಫೈಲುಗಳ ಹಣೆಬರಹ ಅಷ್ಟೇ, ಏನಾದರೂ ಕುಸಿದಾಗಲೇ ಓದೋದು.

ಅದೇ ಲಾಗ್ ಒಮ್ಮೆ ಬಾಗಿಲಾಯ್ತು. 2021ರ ಡಿಸೆಂಬರ್ 10, ಶುಕ್ರವಾರ. ‘ಮೈನ್‌ಕ್ರಾಫ್ಟ್’ ಸರ್ವರಿನಲ್ಲಿ ಯಾರಾದರೂ ಚಾಟ್‌ನಲ್ಲಿ ಒಂದು ವಿಶೇಷ ಸಾಲು ಬರೆದರೆ ಸಾಕು, ಸರ್ವರ್ ಯಂತ್ರವೇ ಅವರ ಕೈವಶ ಆಗ್ತದೆ ಅಂತ ಸುದ್ದಿ ಹಬ್ಬಿತು. ಆಗಿದ್ದು ಏನಂದ್ರೆ, ಚಾಟ್ ಸಾಲುಗಳನ್ನು ಲಾಗ್‌ಗೆ ಬರೆಯೋ ಕೆಲಸ ‘ಲಾಗ್‌ಫೋರ್‌ಜೆ’ ಅನ್ನೋ ಜಾವಾ ಲೈಬ್ರರಿಯದು. ಬರೆಯೋ ಸಾಲಿನಲ್ಲಿ ಡಾಲರ್ ಚಿಹ್ನೆ, ಕಂಸ ಇಟ್ಟು ‘ಜೆಎನ್‌ಡಿಐ’ ಅಂತ ಶುರು ಮಾಡಿ ಒಂದು ವಿಳಾಸ ಕೊಟ್ಟರೆ, ಅದು ಬರೀ ಬರೆದು ಬಿಡೋ ಬದಲು ಆ ವಿಳಾಸಕ್ಕೆ ಹೋಗಿ ಅಲ್ಲಿರೋ ಕೋಡ್ ತಂದು ನಡೆಸ್ತಿತ್ತು. ಗುಮಾಸ್ತನಿಗೆ ‘ಹೀಗೆ ಹೇಳಿದರು ಅಂತ ಬರ್ಕೋ’ ಅಂದರೆ ಅವನು ಹೇಳಿದ್ದನ್ನೆಲ್ಲ ಮಾಡಿ ಬಂದ ಹಾಗೆ. ಮೈನ್‌ಕ್ರಾಫ್ಟ್ ಅದೇ ದಿನ 1.18.1 ಬಿಟ್ಟಿತು. ಆದರೆ ಆ ಲೈಬ್ರರಿ ಬ್ಯಾಂಕು, ವಿಮೆ, ಕ್ಲೌಡ್ ಎಲ್ಲ ಕಡೆ ಇತ್ತು. ಆ ವಾರಾಂತ್ಯ ನಿಮ್ಮಲ್ಲಿ ಎಷ್ಟೋ ಜನ ಮಲಗಿರಲಿಕ್ಕಿಲ್ಲ. ನಾನೂ ಮಲಗಲಿಲ್ಲ. ಹಳೇ ಸರ್ವರುಗಳ ಪಟ್ಟಿ ಮಾಡುತ್ತಾ ಕೂತಾಗ ನನಗೆ ಮಡ್ ನೆನಪಾಗ್ತಿತ್ತು: ಮಾತು ಮತ್ತು ಆಜ್ಞೆ ಒಂದೇ ಸಾಲಿನಲ್ಲಿ ಹೋಗುವಾಗ ನಡುವಿನ ಗೆರೆ ಎಷ್ಟು ತೆಳು ಅಂತ.

ಈಗ ಸೇಡಂ, ಶಹಾಬಾದ್ ಕಡೆಯ ಹುಡುಗರ ಕೈಯಲ್ಲಿ ಇರೋದು ಫೋನು. ನಮಗೆ ಸಿಗದ ಗ್ರಾಫಿಕ್ಸ್, ನೂರು ಜನರ ಆಟ, ಎಲ್ಲ ಇದೆ. ಟಿಲ್ಡೆ ಕೀಲಿ ಇಲ್ಲ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಭಾರತದವರಿಗೆ ಸರ್ವರ್ ಬಂದ್ ಆಯ್ತು. ನಿಷೇಧ ಸರಿಯೋ ತಪ್ಪೋ ಅನ್ನೋ ಚರ್ಚೆಗೆ ನಾನು ಹೋಗಲ್ಲ. ಆದರೆ ಒಂದು ರಾತ್ರಿ ಕಳೆದು ಬೆಳಗಾಗೋದರೊಳಗೆ ವರ್ಷಗಟ್ಟಲೆ ಆಡಿದ ಜಾಗ ಇಲ್ಲವಾಗೋದು ಹಾಸ್ಟೆಲ್ ಕಾಲದಲ್ಲಿ ನಮಗೆ ಗೊತ್ತಿರಲಿಲ್ಲ. ಇದು ಬರೀ ನಮ್ಮ ದೇಶದ ಮಾತೂ ಅಲ್ಲ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ‘ದಿ ಕ್ರೂ’ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡವರ ಡಿಸ್ಕೂ ಕೆಲಸಕ್ಕೆ ಬಾರದಾಯ್ತು. ಕಂಪನಿ ಬಿಟ್ಟು ಹೋದ ಮೇಲಾದರೂ ಆಡೋ ದಾರಿ ಕೊಡಿ ಅಂತ ಯುರೋಪಿನಲ್ಲಿ ಸಹಿ ಹಾಕಿದವರು ಹತ್ತು ಲಕ್ಷ ದಾಟಿದರು. ಕ್ವೇಕ್‌ನ ಕೋಡ್ 1999ರಲ್ಲೇ ಮುಕ್ತವಾಗಿದ್ದರಿಂದ ಅದನ್ನು ಈಗಲೂ ಯಾರು ಬೇಕಾದರೂ ನಡೆಸಬಹುದು. ಹಿಂಬಾಗಿಲು ಇದ್ದರೆ ಯಾರು ಬೇಕಾದರೂ ಓದಿ ಕಿತ್ತು ಹಾಕಬಹುದು.

ಸೇಡಂನಲ್ಲಿ ನನ್ನ ಅಕ್ಕನ ಮಗ ಹತ್ತನೇ ಕ್ಲಾಸು. ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ ನಡೆಸ್ತಾನೆ. ಚಿತ್ತಾಪುರದ ಇಬ್ಬರು, ಶಹಾಬಾದಿನ ಒಬ್ಬ, ಚಿಂಚೋಳಿಯಿಂದ ಹಾಸ್ಟೆಲಿಗೆ ಬಂದವನೊಬ್ಬ ಅದರ ಆಟಗಾರರು. ಮೊಬೈಲ್ ನೆಟ್‌ವರ್ಕ್‌ನಲ್ಲಿ ಮನೆಗೊಂದು ಸ್ವಂತ ಐಪಿ ವಿಳಾಸ ಸಿಗಲ್ಲ, ಹೊರಗಿನವರು ನೇರ ಒಳಗೆ ಬರೋ ಹಾಗಿಲ್ಲ. ಟನಲ್ ಹಾಕೋದನ್ನ ಅವನೇ ಕಲಿತ. ಮೊದಲು ಆರಿಸಿದ ಟನಲ್ ಸಿಂಗಾಪುರದ ಮೇಲಿಂದ ಹೋಗ್ತಿತ್ತು. ಅಲ್ಲಿಗೆ ಇಲ್ಲಿಂದ ನೇರ ಗೆರೆ ಎಳೆದರೂ ಸುಮಾರು 3,400 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತೆ, ಹೋಗಿ ಬರೋಕೆ ಕಡಿಮೆ ಅಂದರೂ 34 ಮಿಲಿಸೆಕೆಂಡ್. ಚಿತ್ತಾಪುರದವನ ಪ್ಯಾಕೆಟ್ ಪಕ್ಕದ ಸೇಡಂಗೆ ಬರೋಕೆ ಸಮುದ್ರ ದಾಟಿ ಹೋಗಿ ಬರ್ತಿತ್ತು. ಮುಂಬೈ ಮೇಲಿನದಕ್ಕೆ ಬದಲಿಸಿದ.

ಒಂದು ದಿನ ಕನ್ಸೋಲ್ ಚಿತ್ರ ತೆಗೆದು ಕಳಿಸಿದ. ‘ಕಾಂಟ್ ಕೀಪ್ ಅಪ್’ ಅನ್ನೋ ಸಾಲು ಮೇಲಿಂದ ಮೇಲೆ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಸಲ ಲೋಕವನ್ನು ಲೆಕ್ಕ ಹಾಕಬೇಕು, ಒಂದಕ್ಕೆ 50 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಈ ದೂರು. "ನೆಟ್ ಸ್ಲೋ ಅದ ಮಾಮಾ" ಅಂದ. ಎಲ್ಲರಿಗೂ ಒಟ್ಟಿಗೆ ಆಗ್ತಿದೆಯಾ ಅಂತ ಕೇಳಿದೆ. ಹೌದು ಅಂದ. ಹಾಗಾದ್ರೆ ನೆಟ್ ಅಲ್ಲ. ‘ಡೀಬಗ್ ಸ್ಟಾರ್ಟ್’ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ‘ಡೀಬಗ್ ಸ್ಟಾಪ್’ ಕೊಟ್ಟ. ಸೆಕೆಂಡಿಗೆ 20 ಆಗಬೇಕಾದ ಲೆಕ್ಕ ಎಂಟೊಂಬತ್ತಕ್ಕೆ ಇಳಿದಿತ್ತು. ಶಹಾಬಾದಿನವನು ಒಂದು ಗುಂಡಿಯಲ್ಲಿ ಕೋಳಿ ಸಾಕಿದ್ದ, ಮೊಟ್ಟೆ ತಾನೇ ಒಡೆದು ಮರಿ ಆಗೋ ಯಂತ್ರ ಕಟ್ಟಿದ್ದ. ಸಾವಿರದ ಮೇಲೆ ಕೋಳಿ, ಒಂದೊಂದೂ ಒಂದಕ್ಕೊಂದು ಡಿಕ್ಕಿ ಹೊಡೆಯೋದನ್ನ ಸರ್ವರ್ ಲೆಕ್ಕ ಹಾಕ್ತಿತ್ತು. ‘ಕಿಲ್’ ಆಜ್ಞೆಗೆ ಕೋಳಿ ಅಂತ ಗುರಿ ಕೊಟ್ಟರೆ ಒಂದೇ ಸಾಲಿಗೆ ಎಲ್ಲ ಹೋಗ್ತಾವೆ. ಅವನು ಕೊಡಲಿಲ್ಲ. ಸಾಕಿದವನ್ನ ಕೇಳಬೇಕು ಅಂತ ಚಾಟ್‌ನಲ್ಲಿ ‘ಸೇ’ ಕೊಟ್ಟು ಬರೆದ, ಅವನು ಶಾಲೆಯಿಂದ ಬರೋವರೆಗೆ ಕಾದ. ಕೊನೆಗೆ ಐವತ್ತು ಕೋಳಿ ಬೇರೆ ಮನೆಗೆ ಸಾಗಿಸಿ ಉಳಿದವಕ್ಕೆ ‘ಕಿಲ್’. ಎಲ್ಲ ಲಾಗಿನಲ್ಲಿ ಇದೆ.

ದೂರದಿಂದ ನೋಡಿಕೊಳ್ಳೋಕೆ ನನಗೊಂದು ಆರ್‌ಕಾನ್ ಹಾಕಿ ಕೊಡು ಅಂತ ಕೇಳಿದ್ದೆ. ಮೈನ್‌ಕ್ರಾಫ್ಟಿನಲ್ಲಿ ಅದು ಮೂಲದಲ್ಲಿ ಬಂದ್ ಇರುತ್ತೆ, ತೆರೆದರೆ ಪಾಸ್‌ವರ್ಡ್ ಈಗಲೂ ಗೂಢಲಿಪಿ ಇಲ್ಲದೇ ಹೋಗೋದು. ಅವನು ಅದನ್ನು ಓದಿಕೊಂಡಿದ್ದ, ಬೇಡ ಅಂದ. ಹೋಗ್ಲಿ, ‘ಆಪ್’ ಪಟ್ಟಿಯಲ್ಲಾದರೂ ನನ್ನ ಹೆಸರು ಹಾಕು ಅಂದೆ.

"ನೀ ದೀಪಾವಳಿಗೊಮ್ಮೆ ಬರಂವ, ನಿನಗ್ಯಾಕ ಬೇಕು?" ಅಂದ. ವೈಟ್‌ಲಿಸ್ಟಿಗೆ ಮಾತ್ರ ಸೇರಿಸಿದ್ದಾನೆ.